ಇಳಿಜಾರಿನಲ್ಲಿ ಕೈಕೊಟ್ಟ ಸೆಲ್ಫು

ಗಾಡಿಗಳ ವೈರಿಂಗ್ ರಿಪೇರಿಯ ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ನನ್ನನ್ನು ಕಂಡರೆ ಮೊದಲು ಕೇಳುವುದು, ಕರೆಂಟು ಅಳೆಯಲು ಯಾವ ಮೀಟರ್ ತೆಗೆದುಕೊಳ್ಳಬೇಕು ಅಂತ. ಯಾವುದಾದರೂ ತೆಗೆದುಕೊಳ್ಳಿ, ಆದರೆ ಕಿವಿ ತೊಳೆದುಕೊಂಡು ಬನ್ನಿ ಎಂದರೆ ಮುಖ ಊದಿಸಿಕೊಳ್ಳುತ್ತಾರೆ. ನಾನು ತಮಾಷೆಗೆ ಹೇಳುವ ಮಾತಲ್ಲ ಅದು. ಬ್ಯಾಟರಿಯ ಕರೆಂಟಿನಿಂದ ಎಂಜಿನ್ನನ್ನು ಮೊದಲ ಸಲ ತಿರುಗಿಸಿ ಎಬ್ಬಿಸುವ ಮೋಟಾರಿಗೆ ನಮ್ಮ ಕಡೆ ಎಲ್ಲರೂ ಸೆಲ್ಫ್ ಅನ್ನುತ್ತಾರೆ. ಕೀ ತಿರುಗಿಸಿದಾಗ ಅದು ‘ಟಕ್’ ಎಂದು ಒಂದೇ ಸಲ ಬಡಿದು ಸುಮ್ಮನಾದರೆ ಒಂದು ಕಥೆ, ಹಲ್ಲು ಕಡಿದ ಹಾಗೆ ‘ಟಕಟಕಟಕ’ ಅಂದರೆ ಬೇರೆ ಕಥೆ, ‘ಸುಂಯ್’ ಅಂತ ತಾನೊಂದೇ ಸುತ್ತಿ ಎಂಜಿನ್ ಅಲುಗಾಡದಿದ್ದರೆ ಇನ್ನೂ ಬೇರೆ. ಮೀಟರ್ ಹಚ್ಚುವ ಮೊದಲೇ ಅರ್ಧ ಕೆಲಸ ಕಿವಿಯಲ್ಲಿ ಆಗಿಹೋಗುತ್ತದೆ.

ನಾನು ಕೆಲಸ ಕಲಿತದ್ದು ಗೌಸ್ ಸಾಬರ ಕೈಕೆಳಗೆ. ಕೆ.ಆರ್. ಪುರದಲ್ಲಿ ಅವರದೊಂದು ತಗಡಿನ ಶೆಡ್ಡು. ಕಾರು, ಲಾರಿ ಎಲ್ಲ ಬರುತ್ತಿದ್ದರೂ ಅವರಿಗೆ ಟ್ರ್ಯಾಕ್ಟರ್ ಎಂದರೆ ವಿಶೇಷ ಭಯ, ವಿಶೇಷ ಮರ್ಯಾದೆ. ಟ್ರ್ಯಾಕ್ಟರ್ ಬಂದು ನಿಂತರೆ ಬಾನೆಟ್ ಎತ್ತುವುದಕ್ಕೆ ಬಿಡುತ್ತಿರಲಿಲ್ಲ. “ಪೈಲೆ ಪಯ್ಯಾ ದೇಖ್ ರೇ” ಎಂದು ಗದರುತ್ತಿದ್ದರು. ಮೊದಲು ಚಕ್ರ ನೋಡು ಎಂದರ್ಥ. ಚಕ್ರಕ್ಕೆ ಕಲ್ಲು ಕೊಟ್ಟು, ಗೇರ್ ಕಡ್ಡಿಯನ್ನು ಕೈಯಿಂದ ಅಲ್ಲಾಡಿಸಿ ನ್ಯೂಟ್ರಲ್‌ನಲ್ಲಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಸ್ಪ್ಯಾನರ್ ಮುಟ್ಟಬೇಕು. ಒಂದು ದಿನ ಇದನ್ನು ಮರೆತು ಬಾನೆಟ್ ಎತ್ತಿದ ನನ್ನ ಜೊತೆಗಾರನಿಗೆ ಊಟದ ಹೊತ್ತಿನವರೆಗೂ ಬರೀ ಕಲ್ಲು ಹೊರಿಸಿದ್ದರು. ಕ್ರೂರಿ ಮುದುಕ ಅಂತ ನಾವು ಬೈದುಕೊಂಡಿದ್ದೆವು.

ಆಮೇಲೆ ಕೆಲವು ವರ್ಷ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಹಳೆಯ ಸೆಲ್ಫುಗಳನ್ನು ಬಿಚ್ಚಿ ರಿಪೇರಿ ಮಾಡುವ ಕೆಲಸ. ಅಲ್ಲಿನ ಸೂಪರ್‌ವೈಸರ್ ಬಹಳ ಶಿಸ್ತಿನ ಮನುಷ್ಯ, ಬೆಂಚಿನ ಮೇಲಿನ ಪರೀಕ್ಷೆಯೇ ಅವರಿಗೆ ದೇವರ ವಾಕ್ಯ. ಬೆಂಚಿನ ಮೇಲೆ ಜೋರಾಗಿ ತಿರುಗಿದ ಸೆಲ್ಫು ಗಾಡಿಗೆ ಹಾಕಿದಾಗ ಸತ್ತ ಇಲಿಯಂತೆ ಬಿದ್ದಿರುತ್ತಿತ್ತು. ಗಿರಾಕಿ ವಾಪಸ್ ತರುತ್ತಿದ್ದ, ಇವರು ಮತ್ತೆ ಬೆಂಚಿಗೆ ಹಾಕುತ್ತಿದ್ದರು, ಅದು ಮತ್ತೆ ತಿರುಗುತ್ತಿತ್ತು. “ನಮ್ ಮಾಲು ಸರಿಯಾಗಿದೆ ಕಣ್ರೀ, ನಿಮ್ ಗಾಡಿನೇ ಸರಿಯಿಲ್ಲ” ಅಂತ ಜಗಳ. ವಿಚಿತ್ರವೆಂದರೆ ಸೂಪರ್‌ವೈಸರ್ ಹೇಳುತ್ತಿದ್ದುದು ಸತ್ಯವೇ ಆಗಿತ್ತು, ಆದರೆ ಗಾಡಿಯ ಹತ್ತಿರ ಹೋಗಿ ನೋಡುವ ವ್ಯವಧಾನ ಅವರಿಗಿರಲಿಲ್ಲ. ಬೆಂಚಿನ ಮೇಲೆ ದಪ್ಪ ವೈರು, ಹೊಳೆಯುವ ಕ್ಲಿಪ್ಪು ಎಲ್ಲ ಇರುತ್ತದೆ. ಗಾಡಿಯಲ್ಲಿ ತುಕ್ಕು, ಎಣ್ಣೆ, ಸಗಣಿ. ಬೇಸತ್ತು ಬಿಟ್ಟುಬಂದು ಕೆ.ಆರ್. ಪುರದ ಪಕ್ಕದ ಹೂಡಿಯಲ್ಲಿ ನನ್ನದೇ ಅಂಗಡಿ ಹಾಕಿದೆ.

ಆ ಕಾಲದ ಹೂಡಿಯ ಟ್ರ್ಯಾಕ್ಟರುಗಳು ರಾಗಿ ಹೊಲ, ದ್ರಾಕ್ಷಿ ತೋಟದಲ್ಲಿ ದುಡಿಯುತ್ತಿದ್ದವು. ಬೆಳಿಗ್ಗೆ ಒಂದು ಸಲ ಸ್ಟಾರ್ಟ್ ಮಾಡಿದರೆ ಸಂಜೆಯವರೆಗೂ ಓಡುತ್ತಿದ್ದವು. ಹೊಲ ಹೋಗಿ ಅಪಾರ್ಟ್‌ಮೆಂಟ್ ಬಂದವು, ಅದೇ ಟ್ರ್ಯಾಕ್ಟರುಗಳ ಹಿಂದೆ ನೀರಿನ ಟ್ಯಾಂಕರ್ ಬಂತು. ಈಗ ಒಂದೊಂದು ಗೇಟಿನಲ್ಲೂ ನಿಲ್ಲಿಸು, ಆಫ್ ಮಾಡು, ಮತ್ತೆ ಸ್ಟಾರ್ಟ್ ಮಾಡು. ಸೆಲ್ಫುಗಳು ಸುಮ್ಮನೆ ಬಿಡುತ್ತವೆಯೇ, ಒಂದೊಂದಾಗಿ ಕೈಕೊಡತೊಡಗಿದವು. ನನ್ನ ಅಂಗಡಿ ನಡೆದದ್ದೇ ಅದರಿಂದ.

ಜೊತೆಗೆ ಎರಡು ಕೆಟ್ಟ ಅಭ್ಯಾಸಗಳೂ ಬಂದವು. ಹ್ಯಾಂಡ್‌ಬ್ರೇಕ್ ಸವೆದುಹೋದ ಗಾಡಿಯನ್ನು ಗೇರಿಗೆ ಹಾಕಿ ನಿಲ್ಲಿಸುವುದು ಒಂದು. ಸೆಲ್ಫ್ ಎತ್ತದಿದ್ದರೆ ಕೆಳಗಿಳಿದು, ಅದರ ಸ್ವಿಚ್ಚಿನ ಎರಡು ದಪ್ಪ ವೈರುಗಳ ನಡುವೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಿ ಸ್ಟಾರ್ಟ್ ಮಾಡುವುದು ಇನ್ನೊಂದು. ಒಂದೊಂದೇ ಆದರೆ ಹೇಗೋ ನಡೆದುಹೋಗುತ್ತದೆ. ಎರಡೂ ಒಟ್ಟಿಗೆ ಸೇರಿದ ದಿನ ಟ್ರ್ಯಾಕ್ಟರ್ ಸ್ಟಾರ್ಟ್ ಆದ ಕ್ಷಣವೇ ಮುಂದೆ ನುಗ್ಗುತ್ತದೆ, ಸ್ಕ್ರೂಡ್ರೈವರ್ ಹಿಡಿದವನು ನಿಂತಿರುವುದು ಹಿಂದಿನ ದೊಡ್ಡ ಚಕ್ರದ ದಾರಿಯಲ್ಲಿ. ಅತ್ತಿಬೆಲೆಯಲ್ಲಿ ಹೀಗೊಂದು ಗಾಡಿ ನೋಡಲು ಹೋಗಿದ್ದೆ. ಟ್ರ್ಯಾಕ್ಟರ್ ಕಾಂಪೌಂಡ್ ಗೋಡೆಯೊಳಗೆ ಮುಖ ಹೊಕ್ಕಿಸಿ ನಿಂತಿತ್ತು. ಅದರ ಮಾಲೀಕ ಜಗಲಿಯ ಮೇಲೆ ಒಂದೇ ಚಪ್ಪಲಿಯಲ್ಲಿ ಕುಳಿತಿದ್ದ. ಇನ್ನೊಂದು ಚಪ್ಪಲಿ ಚಕ್ರದ ಕೆಳಗೆ ಕಾಗದದಂತೆ ಅಂಟಿಕೊಂಡಿತ್ತು. ಅವತ್ತು ಗೌಸ್ ಸಾಬರನ್ನು ಬೈದುಕೊಂಡದ್ದಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಇನ್ನು ನನ್ನ ಸ್ವಂತ ಭಾವನ ವಿಷಯ. ಅಂಗಡಿ ಮುಚ್ಚುವ ತಯಾರಿಯಲ್ಲಿದ್ದ ದಿನಗಳವು. ನನ್ನ ಅಕ್ಕನ ಗಂಡ ಮುನಿರಾಜು ಹೂಡಿಯ ಹಳೆಯ ಮನೆತನದವನು. ಮನೆ ಬಾಡಿಗೆ ಬರುತ್ತದೆ, ದುಡಿಯಲೇಬೇಕೆಂದಿಲ್ಲ, ಆದರೂ ಅಪ್ಪನ ಕಾಲದ ಟ್ರ್ಯಾಕ್ಟರಿಗೆ ಟ್ಯಾಂಕರ್ ಕಟ್ಟಿಕೊಂಡು ತಾನೇ ಓಡಿಸುತ್ತಿದ್ದ. ಗಾಡಿ ಸುಮ್ಮನೆ ನಿಂತರೆ ಅಪ್ಪನ ಆತ್ಮಕ್ಕೆ ಶಾಂತಿಯಿಲ್ಲ ಎನ್ನುವ ಪೈಕಿ. ಅದರ ಸೆಲ್ಫು ಕೆಲವೊಮ್ಮೆ ಹಿಡಿಯುತ್ತಿತ್ತು, ಕೆಲವೊಮ್ಮೆ ಇಲ್ಲ. ನನ್ನ ಹತ್ತಿರ ತರಲು ಅವನಿಗೆ ಬಿಗುಮಾನ, ಹೆಂಡತಿಯ ತಮ್ಮನ ಮುಂದೆ ಕೈಕಟ್ಟಿ ನಿಲ್ಲುವುದುಂಟೇ. ಒಬ್ಬರ ಹತ್ತಿರ ಹೊಸ ಬ್ಯಾಟರಿ ಹಾಕಿಸಿದ, ಇನ್ನೊಬ್ಬರ ಹತ್ತಿರ ಸೆಲ್ಫನ್ನೇ ಬದಲಾಯಿಸಿದ, ಮೂರನೆಯವರ ಹತ್ತಿರ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್. ಅಷ್ಟಾದರೂ ಬುಶ್‌ಕೋಟಿನ ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡೇ ತಿರುಗುತ್ತಿದ್ದ.

ಅಕ್ಕ ಒಂದು ಬೆಳಿಗ್ಗೆ ನನ್ನ ಮನೆಗೇ ಬಂದಳು. “ಇವತ್ತೊಂದಿನ ಅವ್ರ ಜೊತೆ ಓಗೋ. ನಿನ್ ಮಾತು ಕೇಳಲ್ಲ ಅಂತ ನಂಗೂ ಗೊತ್ತು. ಕಣ್ಣಲ್ಲಿ ನೋಡ್ಕೊಂಡಾದ್ರೂ ಬಾ. ನಂಗೆ ದಿನಾ ಎದೆ ಒಡ್ಕೊಳತ್ತೆ” ಎಂದಳು. ಸಾಮಾನಿನ ಚೀಲ ಹಿಡಿದು ಹೋಗಿ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕುಳಿತೆ. ಭಾವ ಏನೂ ಅನ್ನಲಿಲ್ಲ. ದಾರಿಯುದ್ದಕ್ಕೂ ಹೊಸ ಬ್ಯಾಟರಿಯ ಗುಣಗಾನ ಮಾತ್ರ ಮಾಡಿದ.

ಅವತ್ತು ನಾವು ನೀರು ತುಂಬಿಸಬೇಕಿದ್ದ ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿನ ಸಂಪು ಹಿಂದಿನ ಬ್ಲಾಕಿನಲ್ಲಿ, ಎತ್ತರದ ಮೇಲಿದೆ. ಗೇಟಿನಿಂದ ಅಲ್ಲಿಗೆ ನುಣ್ಣನೆಯ ಇಂಟರ್‌ಲಾಕ್ ಕಲ್ಲು ಹಾಸಿದ ಕಡಿದಾದ ದಾರಿ. ಕೆಳಗೆ ಗೇಟಿನ ಪಕ್ಕ ಸೆಕ್ಯುರಿಟಿ ಕ್ಯಾಬಿನ್ನು, ಅದರ ಮುಂದೆ ಸ್ಕೂಲ್ ಬಸ್ಸಿಗೆ ಕಾಯುವ ಮಕ್ಕಳು. ತುಂಬಿದ ಟ್ಯಾಂಕರ್ ಎಳೆದುಕೊಂಡು ಅರ್ಧ ಏರಿದ್ದೆವು. ಗೇರ್ ಇಳಿಸುವುದು ತಡವಾಗಿ ಎಂಜಿನ್ ಒಂದು ಸಲ ಕೆಮ್ಮಿ ನಿಂತುಹೋಯಿತು.

ಹ್ಯಾಂಡ್‌ಬ್ರೇಕ್ ಎಂದೋ ಸವೆದುಹೋಗಿತ್ತು, ಭಾವ ಕಾಲಿನ ಬ್ರೇಕ್ ತುಳಿದು, ಗೇರಿನಲ್ಲೇ ಬಿಟ್ಟು ಕೀ ತಿರುಗಿಸಿದ. ‘ಟಕ್’ ಅಂದಿತು. ಮತ್ತೆ ತಿರುಗಿಸಿದ. ‘ಟಕಟಕ’ ಎಂದು ಸುಮ್ಮನಾಯಿತು. ಅಷ್ಟರಲ್ಲಿ ಟ್ರ್ಯಾಕ್ಟರ್ ಒಂದಂಗುಲ ಹಿಂದೆ ಜಾರಿದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಸವೆದ ಎಂಜಿನ್ನು, ಗೇರಿನಲ್ಲಿದ್ದರೂ ಅಷ್ಟೂ ಭಾರ ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಉಳಿದದ್ದನ್ನು ತಡೆದಿದ್ದು ಬ್ರೇಕ್ ಮೇಲಿದ್ದ ಭಾವನ ಬಲಗಾಲು. ಆ ಮಂಡಿಗೆ ಹಿಂದಿನ ವರ್ಷವಷ್ಟೇ ಆಪರೇಶನ್ ಆಗಿತ್ತು.

ಕೆಳಕ್ಕೆ ಧುಮುಕಿದೆ. ದಾರಿಯ ಬದಿಯಲ್ಲಿ ಉಳಿದಿದ್ದ ಅಂಚುಕಲ್ಲುಗಳನ್ನು ತಂದು, ಪಕ್ಕದಲ್ಲೇ ನಿಂತು, ದೊಡ್ಡ ಚಕ್ರದ ಹಿಂದೆ ಕಾಲಿನಿಂದ ತಳ್ಳಿದೆ. ನುಣ್ಣನೆಯ ನೆಲದ ಮೇಲೆ ಅವು ಚಕ್ರದ ಜೊತೆಗೇ ಜಾರುತ್ತಿದ್ದವು. “ಮಕ್ಕಳನ್ನ ತೆಗೀರಿ” ಎಂದು ಕೆಳಗೆ ಕೂಗಿದೆ. ವಾಕಿಂಗ್ ಮುಗಿಸಿ ಬರುತ್ತಿದ್ದ ಶ್ರುತಿ ಮೇಡಂ, ಅಲ್ಲಿನ ಅಸೋಸಿಯೇಶನ್‌ನವರು, ಒಂದೇ ನೋಟಕ್ಕೆ ವಿಷಯ ತಿಳಿದುಕೊಂಡರು. ಓಡಿಹೋಗಿ ಮಕ್ಕಳನ್ನೆಲ್ಲ ಗೇಟಿನಾಚೆ ಗೋಡೆಯ ಮರೆಗೆ ಕಳಿಸಿ, ಬಸ್ಸನ್ನು ಮುಂದಿನ ತಿರುವಿನಲ್ಲೇ ನಿಲ್ಲಿಸುವಂತೆ ಫೋನ್ ಮಾಡಿದರು. ಸೆಕ್ಯುರಿಟಿಯ ಗೋಪಾಲಪ್ಪ ಕ್ಯಾಬಿನ್ ಬಿಟ್ಟು ಮೇಲಕ್ಕೆ ಬಂದ, ಹಿಂದೆಯೇ ಮೇಡಂ ಕೂಡ.

“ನೀರು ಬಿಟ್ರೆ ಭಾರ ಕಮ್ಮಿ ಆಗುತ್ತಲ್ವಾ ಅಣ್ಣ? ಹೋದ್ರೆ ಹೋಗ್ಲಿ, ನಾವು ಇವತ್ತು ಹೇಗೋ ಮಾಡ್ಕೋತೀವಿ” ಎಂದರು ಮೇಡಂ. ಬೇಸಿಗೆ, ನಲ್ಲಿಗಳು ಒಣಗಿದ್ದವು, ಆ ಮಾತಾಡಲು ದೊಡ್ಡ ಮನಸ್ಸು ಬೇಕು. ಆದರೆ ಟ್ಯಾಂಕರಿನ ವಾಲ್ವ್ ಇರುವುದು ಹಿಂಭಾಗದಲ್ಲಿ.

“ನಾನ್ ಓಗಿ ತಿರುಗಿಸ್ತೀನಿ ಬಿಡಿ” ಎಂದು ಗೋಪಾಲಪ್ಪ ಹೊರಟೇಬಿಟ್ಟ.

“ಹಿಂದಕ್ಕೆ ಯಾರೂ ಹೋಗ್ಬೇಡಿ” ಎಂದು ಅವನ ತೋಳು ಹಿಡಿದು ಎಳೆದೆ. ಗಾಡಿ ಜಾರಿದರೆ ಮೊದಲು ಸಿಗುವವನು ಅವನೇ.

ಭಾವ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ನನ್ನತ್ತ ಚಾಚಿದ. “ತಗೋ. ಅಡ್ಡ ಕೊಡು. ಇಡ್ಕೊಳತ್ತೆ.”

“ಕೊಡಲ್ಲ.”

“ನನ್ ಕಾಲು ನಿಲ್ತಾ ಇಲ್ಲ ಕಣೋ. ಪಾಠ ಆಮೇಲೆ ಮಾಡು.”

“ಕಾಲು ನಿಲ್ಲದಿದ್ರೆ ಎಗರಿಬಿಡು ಭಾವ. ಹೋದ್ರೆ ಗಾಡಿ ಹೋಗುತ್ತೆ.”

“ಕೆಳಗೆ ರಸ್ತೆ ಐತೆ. ಎಷ್ಟು ಜನ ಓಡಾಡ್ತಾವ್ರೆ ನೋಡು. ನಾನ್ ಇಳಿಯಲ್ಲ.”

ನನ್ನ ಭಾವ ಮೊಂಡ, ಜಂಬದವನು, ಅದೆಲ್ಲ ನಿಜ. ಅವತ್ತು ಆ ಸೀಟಿನ ಮೇಲೆ ಕುಳಿತಿದ್ದವನ ಮೇಲೆ ನನಗೆ ಬಂದ ಗೌರವ ಅದಕ್ಕೂ ಮೊದಲು ಎಂದೂ ಬಂದಿರಲಿಲ್ಲ. ಭಯವೂ ಅಷ್ಟೇ ಬಂತು, ಅಕ್ಕನಿಗೆ ಏನು ಹೇಳಲಿ ಎಂದು.

ಆಗ ಶ್ರುತಿ ಮೇಡಂ, “ಅಣ್ಣ, ಸ್ಟೀರಿಂಗ್ ಕೆಳಗೆ ನೋಡಿ, ಆ ಕೇಬಲಿಂದ ಹೊಗೆ ಬರ್ತಿದೆ” ಎಂದರು. ನೋಡಿದೆ. ಎಂಜಿನ್ ಆಫ್ ಮಾಡಲು ಎಳೆಯುವ ಸ್ಟಾಪ್ ಕೇಬಲ್ ಅದು. ಅದಕ್ಕೂ ಕರೆಂಟಿಗೂ ಸಂಬಂಧವೇ ಇಲ್ಲ, ಸೈಕಲ್ ಬ್ರೇಕಿನಂಥ ಬರೀ ತಂತಿ. ಅದರ ಪ್ಲಾಸ್ಟಿಕ್ ಕರಗಿ ತೊಟ್ಟಿಕ್ಕುತ್ತಿತ್ತು. ಬ್ಯಾಟರಿಯಿಂದ ಸೆಲ್ಫಿಗೆ ಹೋದ ಕರೆಂಟು ಎಂಜಿನ್ನಿನ ಕಬ್ಬಿಣದ ಮೂಲಕ, ಅರ್ತ್ ವೈರು ಹಿಡಿದು ಬ್ಯಾಟರಿಗೆ ವಾಪಸ್ ಬರಬೇಕು. ಆ ದಾರಿ ಮುಚ್ಚಿಹೋದರೆ ಸಿಕ್ಕಿದ ಸಂದಿಯಲ್ಲಿ ನುಗ್ಗುತ್ತದೆ. ಅಂದರೆ ಅರ್ತ್ ಸತ್ತಿದೆ. ಬ್ಯಾಟರಿ, ಸೆಲ್ಫು, ಆಲ್ಟರ್ನೇಟರ್ ಯಾವುದರದೂ ತಪ್ಪಿರಲಿಲ್ಲ.

ಬಾನೆಟ್ ಎತ್ತಿ ಅರ್ತ್ ಬೋಲ್ಟ್ ಹುಡುಕಿದೆ. ಬೋಲ್ಟು ಕಾಣಲೇ ಇಲ್ಲ, ಕೆಂಪು ಬಣ್ಣದ ಒಂದು ಗಂಟು ಮಾತ್ರ ಕಂಡಿತು. ಉಗುರಿನಿಂದ ಕೆರೆದೆ. ಕೆಂಪಿನ ಕೆಳಗೆ ಕೆಂಪು, ಅದರ ಕೆಳಗೆ ನೀಲಿ, ಅದರ ಕೆಳಗೆ ಮತ್ತೆ ಕೆಂಪು. ಆಗ ಎಲ್ಲ ಹೊಳೆಯಿತು. ಪ್ರತಿ ಆಯುಧ ಪೂಜೆಗೂ ಭಾವ ಟ್ರ್ಯಾಕ್ಟರನ್ನು ತೊಳೆದು, ಒಂದೊಂದು ಬೋಲ್ಟನ್ನೂ ಸಡಿಲಿಸಿ, ತಾನೇ ಬ್ರಷ್ ಹಿಡಿದು ಸಂದಿಗೊಂದಿಯನ್ನೂ ಬಿಡದೆ ಪೇಂಟ್ ಹೊಡೆದು ಮತ್ತೆ ಬಿಗಿಯುತ್ತಿದ್ದ. ಪೇಂಟ್ ಒಣಗಿದ ಮೇಲೆಯೇ ನಿಂಬೆಹಣ್ಣು, ಕುಂಬಳಕಾಯಿ. ಅಪ್ಪನ ಗಾಡಿ ಲಕಲಕ ಹೊಳೆಯಬೇಕು ಎಂಬ ಪ್ರೀತಿ. ಕರೆಂಟು ಕಬ್ಬಿಣದಿಂದ ಕಬ್ಬಿಣಕ್ಕೆ ದಾಟುವ ಜಾಗದಲ್ಲೂ ವರ್ಷಕ್ಕೊಂದು ಪದರ ಕಟ್ಟಿತ್ತು.

“ಪೇಂಟ್ ಯಾಕೋ ಕೆರೀತೀಯ?” ಎಂದ ಭಾವ ಮೇಲಿನಿಂದ. ಹಣೆಯಿಂದ ಬೆವರು ಸುರಿಯುತ್ತಿದೆ, ಕಾಲು ಅದುರುತ್ತಿದೆ, ಅವನಿಗೆ ಪೇಂಟಿನ ಚಿಂತೆ.

“ಕೀ ಆಫ್ ಮಾಡು ಭಾವ.”

“ಆಗ್ಲೇ ಆಫ್ ಮಾಡಿದೀನಿ.”

ಕೀ ಆಫ್ ಆಗಿದೆ, ಕೇಬಲಿನ ಹೊಗೆ ನಿಂತಿಲ್ಲ. ಮತ್ತೆ ಮತ್ತೆ ಕಿಡಿ ಹಾರಿಸಿ, ಟಕಟಕ ಅನ್ನಿಸಿ, ಸೆಲ್ಫಿನ ಸ್ವಿಚ್ಚು ಒಳಗೇ ಬೆಸುಗೆಯಾಗಿ ಅಂಟಿಕೊಂಡಿದೆ. ಈಗ ಅದು ಕೀಯ ಮಾತು ಕೇಳುವುದಿಲ್ಲ. ನಾನು ಕೆರೆಯುವಾಗಲೇ ಅರ್ತ್ ಹಿಡಿದುಬಿಟ್ಟಿದ್ದರೆ ಟ್ರ್ಯಾಕ್ಟರ್ ಗೇರಿನಲ್ಲಿರುವಂತೆಯೇ ನುಗ್ಗುತ್ತಿತ್ತು. ತಕ್ಷಣ ಕೈ ತೆಗೆದೆ.

“ಗೇರ್ ನ್ಯೂಟ್ರಲ್ ಮಾಡು.”

“ತಲೆ ಕೆಟ್ಟಿದ್ಯಾ ನಿಂಗೆ? ಅರ್ಧ ಇಡ್ಕೊಂಡಿರೋದೇ ಗೇರು. ತೆಗೆದ್ರೆ ಇಂದಕ್ಕೋಗುತ್ತೆ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಗೇರಿನಲ್ಲಿದ್ದಾಗ ಸೆಲ್ಫ್ ಎಬ್ಬಿಸುವಂತಿರಲಿಲ್ಲ. ಕ್ಲಚ್ ಒತ್ತಿಹಿಡಿ ಎಂದರೆ ಎಡಗಾಲು ಅಲ್ಲೇ ಸಿಕ್ಕಿಬೀಳುತ್ತದೆ, ಅದುರುವ ಬಲಗಾಲು ಒಂಟಿಯಾಗುತ್ತದೆ. ಹತ್ತಿರ ಹೋಗಿ ಅವನ ಮುಖ ನೋಡಿಕೊಂಡು ಮೆಲ್ಲಗೆ ಹೇಳಿದೆ. “ಕ್ಲಚ್ ಒತ್ತಿ ಗೇರ್ ತೆಗಿ. ತೆಗೆದ ತಕ್ಷಣ ಎಡಗಾಲನ್ನೂ ತಂದು ಬ್ರೇಕ್ ಮೇಲೆ ಇಡು. ಎರಡೂ ಕಾಲು ಹಾಕಿ ತುಳಿ. ಒಂದು ಕಾಲಿಗಿಂತ ಎರಡು ಕಾಲು ವಾಸಿ ಅಲ್ವಾ ಭಾವ.”

ಅವನು ನನ್ನನ್ನೇ ನೋಡಿದ. ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮಾತಿಗೆ ತಲೆಯಾಡಿಸಿದ.

ಕ್ಲಚ್ ಒತ್ತಿದ. ಗೇರ್ ಕಡ್ಡಿ ಬಂತು. ಟ್ರ್ಯಾಕ್ಟರ್ ಹಿಂದಕ್ಕೆ ಜಾರಿತು, ಅಂಚುಕಲ್ಲು ಕರಕರ ಎಂದು ಒಡೆದು ಪುಡಿಯಾಯಿತು, ಟ್ಯಾಂಕರಿನೊಳಗೆ ನೀರು ಗುಡುಗಿತು. ಗೋಪಾಲಪ್ಪ ದೇವರ ಹೆಸರು ಹೇಳಿದ. ಭಾವನ ಎಡಗಾಲು ಬ್ರೇಕಿನ ಮೇಲೆ ಬಂದು ಬಿತ್ತು. ಸೀಟಿನಿಂದ ಅರ್ಧ ಎದ್ದು, ಸ್ಟೀರಿಂಗ್ ಹಿಡಿದು ಇಡೀ ಮೈಭಾರ ಹಾಕಿದ. ಗಾಡಿ ನಿಂತಿತು.

ಗೇರ್ ಕಡ್ಡಿಯನ್ನು ನನ್ನ ಕೈಯಿಂದಲೇ ಅಲ್ಲಾಡಿಸಿ ನೋಡಿದೆ, ನ್ಯೂಟ್ರಲ್. ಕೈಯಿಂದ ಹಾಕುವ ಆಕ್ಸಿಲರೇಟರನ್ನು ಸ್ವಲ್ಪ ಏರಿಸಿದೆ. ಚೀಲದಿಂದ ಎರಡೂ ತುದಿಗೆ ಕ್ಲಿಪ್ಪಿರುವ ದಪ್ಪ ಜಂಪರ್ ವೈರ್ ತೆಗೆದೆ. ಆಲ್ಟರ್ನೇಟರಿನ ಬ್ರ್ಯಾಕೆಟ್ ಹೊಸದು, ಅದಕ್ಕಿನ್ನೂ ಆಯುಧ ಪೂಜೆ ಆಗಿರಲಿಲ್ಲ. ವೈರಿನ ಒಂದು ತುದಿಯ ಕ್ಲಿಪ್ಪನ್ನು ಅಲ್ಲಿ ಕಚ್ಚಿಸಿದೆ. ಮುಂದಿನ ಚಕ್ರದ ಹೊರಬದಿಗೆ ಸರಿದು ನಿಂತು, ಕೈ ಚಾಚಿ, ಇನ್ನೊಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಮುಟ್ಟಿಸಿದೆ.

ದೊಡ್ಡ ಕಿಡಿ. ಕೀ ಆಫ್ ಇದ್ದ ಹಾಗೆಯೇ ಸೆಲ್ಫು ಗುರ್ ಎಂದು ತಿರುಗಿತು, ಎಷ್ಟು ಜೋರಾಗಿ ಎಂದರೆ ಭಾವ ಬೆಚ್ಚಿಬಿದ್ದ. ಎಂಜಿನ್ ಹಿಡಿಯಿತು. ಕ್ಲಿಪ್ ಕಿತ್ತು, ಬ್ಯಾಟರಿಯ ಟರ್ಮಿನಲನ್ನೂ ಬಿಚ್ಚಿ ಎತ್ತಿದೆ. ಡೀಸೆಲ್ ಎಂಜಿನ್ನು, ಒಮ್ಮೆ ಹಿಡಿದರೆ ಬ್ಯಾಟರಿಯ ಹಂಗಿಲ್ಲದೆ ಓಡುತ್ತದೆ.

“ಈಗ ಕ್ಲಚ್, ಮೊದಲನೇ ಗೇರ್. ನಿಧಾನ ಭಾವ.”

ಎಡಗಾಲು ಬ್ರೇಕಿನಿಂದ ಕ್ಲಚ್ಚಿಗೆ ಹೋಯಿತು, ಆ ಗಳಿಗೆ ಭಾರವೆಲ್ಲ ಮತ್ತೆ ಬಲಗಾಲಿನ ಮೇಲೆ. ಟ್ರ್ಯಾಕ್ಟರ್ ಒಮ್ಮೆ ಹಿಂದೆ ವಾಲಿ, ಹೊಗೆ ಉಗುಳಿ, ಮೂಗು ಎತ್ತಿದಂತೆ ಮಾಡಿ ಮುಂದೆ ಹೊರಟಿತು. ನಾನು, ಮೇಡಂ, ಗೋಪಾಲಪ್ಪ ಮೂವರೂ ಅದರ ಪಕ್ಕದಲ್ಲೇ ಏರು ಹತ್ತಿದೆವು.

ಮೇಲೆ ಸಂಪಿನ ಹತ್ತಿರ ಸಮತಟ್ಟಾದ ಜಾಗ. ಸ್ಟಾಪ್ ಕೇಬಲ್ ಸುಟ್ಟುಹೋಗಿದ್ದರಿಂದ ಡೀಸೆಲ್ ಪಂಪಿನ ಲಿವರನ್ನು ಕೈಯಿಂದಲೇ ಎಳೆದು ಎಂಜಿನ್ ನಿಲ್ಲಿಸಿದೆ. ಗೋಪಾಲಪ್ಪ ಎಲ್ಲಿಂದಲೋ ದಪ್ಪ ಸೈಜುಗಲ್ಲು ತಂದು ಚಕ್ರಗಳ ಹಿಂದೆ ಮುಂದೆ ಕೊಟ್ಟ. ಶ್ರುತಿ ಮೇಡಂ ಬಸ್ಸಿನವರಿಗೆ ಫೋನ್ ಮಾಡಿ, ಮಕ್ಕಳೆಲ್ಲ ಹತ್ತಿದ್ದಾರೆಂದು ನನ್ನ ಕಿವಿಗೆ ಹಾಕಿದರು.

“ಇಳಿ ಭಾವ” ಎಂದೆ.

“ಇಳೀತೀನಿ” ಎಂದ. ಇಳಿಯಲಿಲ್ಲ. ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿದು ಕುಳಿತೇ ಇದ್ದ. “ಮಕ್ಳು ಬಸ್ ಅತ್ತಿದ್ರಾ?”

“ಹತ್ತಿದ್ರು.”

“ಗೋಪಾಲಪ್ಪ ಎಲ್ಲವ್ನೆ?”

“ಇಲ್ಲೇ ನಿಂತಿದ್ದಾನೆ ನೋಡು.”

“ಬಿಡ್ಲಾ?”

“ಬಿಡು ಭಾವ. ಇದು ಸಮ ಇದೆ. ಕಲ್ಲು ಕೊಟ್ಟಿದೀವಿ.”

ಅವನು ತನ್ನ ಕಾಲನ್ನೇ ಯಾರದೋ ಕಾಲೆಂಬಂತೆ ನೋಡಿದ. “ಬಿಡಾಕಾಗ್ತಿಲ್ಲ ಕಣೋ” ಎಂದ ಸಣ್ಣಗೆ.

ಮೇಲೆ ಹತ್ತಿ ಅವನ ಕಾಲ ಬಳಿ ಕುಕ್ಕರುಗಾಲಲ್ಲಿ ಕುಳಿತೆ. ಬಲಗಾಲು ಬ್ರೇಕ್ ಪೆಡಲಿಗೆ ಕಚ್ಚಿಕೊಂಡಿತ್ತು, ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿತ್ತು. ಹಿಮ್ಮಡಿಯನ್ನು ಎರಡು ಕೈಯಲ್ಲೂ ಹಿಡಿದು, ಮೆಲ್ಲಗೆ, ನೋಯದ ಹಾಗೆ ಎತ್ತಿ ಪಕ್ಕಕ್ಕೆ ಸರಿಸಿದೆ. ಪೆಡಲು ಕಿರುಗುಟ್ಟಿ ಮೇಲೆ ಬಂತು. ಟ್ರ್ಯಾಕ್ಟರ್ ಅಲುಗಾಡಲಿಲ್ಲ. ಭಾವ ತಿರುಗಿ ಹಿಂದಿನ ಚಕ್ರವನ್ನು ನೋಡಿ ಖಾತ್ರಿ ಮಾಡಿಕೊಂಡ.

ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, “ನಿಮ್ ಅಕ್ಕಂಗೆ ಏಳ್ಬೇಡ” ಎಂದ.

“ಹೇಳ್ತೀನಿ” ಎಂದೆ. ಅವನ ಕಾಲು ಇನ್ನೂ ನನ್ನ ಕೈಯಲ್ಲೇ ಇತ್ತು. ಅದು ಅದುರುತ್ತಿತ್ತು, ನಾನು ಅಳುತ್ತಿದ್ದೆ.